ಬುಕಾನನ್ನನ ಕೂರಿಗೆ

ಪ್ರವಾಸಗ್ರಂಥದಲ್ಲಿ ಚಿತ್ರವು ಬರಹಕ್ಕೆ ಆಭರಣವೆಂದು ಎಣಿಸುವುದು ವಾಡಿಕೆ. ಆದರೆ ಬರಹವು ಹೇಳಿದುದನ್ನೇ ಚಿತ್ರವೂ ಹೇಳುತ್ತದೆಂಬ ನಂಬಿಕೆ ಸರಿಯಲ್ಲ. ಇದಕ್ಕೆ ನಮ್ಮ ಸೀಮೆಯ ಉದಾಹರಣೆ ಫ್ರಾನ್ಸಿಸ್ ಬುಕಾನನ್ನನ ಗ್ರಂಥ.

ಟಿಪ್ಪುವು 1799ರಲ್ಲಿ ಮಡಿದ ಮರುವರ್ಷ, ವೆಲ್ಲೆಸ್ಲಿಯ ಆಜ್ಞೆಯಂತೆ ಈ ವೈದ್ಯನು ಮದರಾಸಿನಿಂದ ಹೊರಟು, ಬೇತಮಂಗಲದ ಮಾರ್ಗವಾಗಿ ಬೆಂಗಳೂರನ್ನು ಸೇರಿದನು. ಆತನ ಮೂರು ಸಂಪುಟಗಳು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಬರಹದ ತುಂಬ ಜನರ ಮಾತು ಇದೆ. ಯಾವ ಭೂಮಿಗೆ ಎಷ್ಟು ಬೀಜ, ಎಷ್ಟು ಕಂದಾಯ, ಆಳಿಗೆ ಎಷ್ಟು ಕೂಲಿ ಎಂಬುದನ್ನೆಲ್ಲ ರೈತರಿಂದ ಕೇಳಿ ಬರೆದಿದ್ದಾನೆ. ಅವರ ಉತ್ತರಗಳನ್ನು ಆಗಾಗ ಸಂಶಯಿಸಿದರೂ, ಕನ್ನಡದ ಹೆಸರುಗಳನ್ನು ಕಿವಿಗೆ ಬಿದ್ದಂತೆ ಉಳಿಸಿದ್ದಾನೆ.

ವ್ಯವಸಾಯದ ಚಿತ್ರಗಳಲ್ಲಾದರೋ ಈ ಜನರಿಲ್ಲ. ಉಪಕರಣಗಳು ಮಾತ್ರ ಇವೆ. ಸರ್ಕಾರಕ್ಕೆ ಬೇಕಾಗಿದ್ದುದು ನೆಲದ ಹುಟ್ಟುವಳಿಯ ಲೆಕ್ಕವಾದುದರಿಂದ ಇದು ಆಶ್ಚರ್ಯವಲ್ಲ. ಆದರೆ ಕೂರಿಗೆಯೆಂದರೆ ಬಟ್ಟಲು, ಬಿದಿರಿನ ಕೊಳವೆ, ತಾಳುಗಳಷ್ಟೇ ಅಲ್ಲ. ರಾಗಿಯನ್ನು ಬಟ್ಟಲಿಗೆ ಬಿಡುವ ಮುಷ್ಟಿಯು ಹದ ತಪ್ಪಿದರೆ, ಒಂದು ಸಾಲು ಒತ್ತಾಗಿ ಇನ್ನೊಂದು ಬರಿದಾಗುವುದು. ಆ ಕೈಯ ವಿದ್ಯೆಯು ಚಿತ್ರಕ್ಕೆ ಸಿಕ್ಕಲಿಲ್ಲ.

ಹಾಗಾದರೆ ಮನುಷ್ಯರನ್ನು ಚಿತ್ರಿಸಿದ್ದರೆ ಸಾಕಾಗುತ್ತಿತ್ತೆ? 1878ರಲ್ಲಿ ಜಪಾನಿನಲ್ಲಿ ಸಂಚರಿಸಿದ ಇಸಬೆಲ್ಲಾ ಬರ್ಡ್ ಎಂಬಾಕೆಯ 1880ರ ಗ್ರಂಥದಲ್ಲಿ ಮನುಷ್ಯರ ಚಿತ್ರಗಳುಂಟು. ಮೂರು ಹೊರತು ಉಳಿದವೆಲ್ಲ ಆಕೆಯ ರೇಖಾಚಿತ್ರಗಳಿಂದಲೋ ಜಪಾನೀ ಫೋಟೋಗಳಿಂದಲೋ ಕೆತ್ತಿದವು. ಐನು ಜನರ ಮುಖಂಡ ಪೆನ್ರಿಯನ್ನು ಹೆಸರಿಟ್ಟು ನಮಗೆ ಪರಿಚಯಿಸಿದುದು ಆಕೆಯ ಬರಹ. ಬರಿಯ ಮುಖವನ್ನು ನೋಡಿದವನು ಅದನ್ನು ಒಂದು ಜಾತಿಯ ಮಾದರಿಯೆಂದು ತಿಳಿದಾನೇ ಹೊರತು, ಅತಿಥಿಯನ್ನು ಉಪಚರಿಸಿದ ಗೃಹಸ್ಥನೆಂದು ತಿಳಿಯಲಾರನು. ಒಂದೆಡೆ ಮುಖವಿಲ್ಲದ ಉಪಕರಣ, ಇನ್ನೊಂದೆಡೆ ಹೆಸರಿಲ್ಲದ ಮುಖ; ಎರಡರ ಕೊರತೆಯನ್ನೂ ತುಂಬಬೇಕಾದುದು ಬರಹ. ಆದುದರಿಂದ ಬುಕಾನನ್ನನ ಚಿತ್ರಪಟಗಳನ್ನು ಪುಸ್ತಕದಿಂದ ಬೇರ್ಪಡಿಸಿ ಗೋಡೆಗೆ ತೂಗಹಾಕುವವರು ಆತನಿಗೂ ನಮ್ಮ ರೈತರಿಗೂ ಅನ್ಯಾಯ ಮಾಡುತ್ತಾರೆ.

ನಮ್ಮ ಮಹದೇವಪುರದ ಸುತ್ತ ಹೊಲಗಳಿದ್ದ ನೆಲದಲ್ಲಿ ಈಗ ಗಾಜಿನ ಕಚೇರಿಗಳೆದ್ದಿವೆ. ಕೂರಿಗೆಯನ್ನೇ ಕಾಣದ ಮಕ್ಕಳಿಗೆ ಬುಕಾನನ್ನನ ಚಿತ್ರವು ಅದರ ಆಕಾರವನ್ನು ತೋರಿಸೀತು. ಅದನ್ನು ಹಿಡಿದ ಕೈಯ ಸಂಗತಿಯನ್ನು ಹೇಳಬಲ್ಲ ಹಿರಿಯರು ಕೆಲವು ಮನೆಗಳಲ್ಲಿ ಇನ್ನೂ ಇದ್ದಾರೆ. ವಾಚಕರು ಅವರನ್ನು ಕೇಳಿ ಬರೆದಿಟ್ಟರೆ, ಆ ಚಿತ್ರದ ಅರ್ಧವು ತುಂಬೀತು.