ಹಠಮಾರಿ ಮಗು ಮತ್ತು ತಾಯಿಯ ತಲೆಗೆ ಕಟ್ಟಿದ ಹೊರೆ

ಮಗು ಹಠ ಮಾಡುತ್ತದೆ, ಹೊಡೆಯುತ್ತದೆ, ಕಚ್ಚುತ್ತದೆ, ಕೇಳಿದ್ದು ಸಿಗದಿದ್ದರೆ ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಮೂರು, ನಾಲ್ಕು, ಐದು ವರ್ಷದ ಇಂತಹ ಮಕ್ಕಳಿಗೆ ನಮ್ಮ ಸಮಾಜದಲ್ಲಿ ಸಿಗುವ ಚಿಕಿತ್ಸೆ ಸಾಮಾನ್ಯವಾಗಿ ಮೂರು ಬಗೆಯದು. ಮೊದಲನೆಯದು ಏಟು. ಎರಡನೆಯದು ದೃಷ್ಟಿ ತೆಗೆಯುವುದು, ತಾಯಿತ ಕಟ್ಟಿಸುವುದು. ಈ ವಿಷಯದಲ್ಲಿ ಹಿಂದೂ ಮನೆಗೂ ಮುಸ್ಲಿಂ ಮನೆಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಮೂರನೆಯದು ಈಚಿನದು, ಕೈಗೆ ಮೊಬೈಲ್ ಕೊಟ್ಟು ಸುಮ್ಮನಿರಿಸುವುದು. ಮೂರರ ಹಿಂದೆಯೂ ಇರುವ ನಂಬಿಕೆ ಒಂದೇ: ಕೆಟ್ಟಿರುವುದು ಮಗು, ಸರಿಯಾಗಬೇಕಾದದ್ದೂ ಮಗುವೇ.

ಕಳೆದ ಅರ್ಧ ಶತಮಾನದ ಮಕ್ಕಳ ಮನಃಶಾಸ್ತ್ರ ಈ ನಂಬಿಕೆಯನ್ನು ಪ್ರಶ್ನಿಸಿದೆ. ಪುಟ್ಟ ಮಕ್ಕಳ ನಡವಳಿಕೆಯ ತೊಂದರೆಗೆ ಮೊದಲ ಚಿಕಿತ್ಸೆ ನೀಡಬೇಕಾದದ್ದು ಮಗುವಿಗಲ್ಲ, ಅದನ್ನು ಬೆಳೆಸುವ ದೊಡ್ಡವರಿಗೆ ಎಂದು ಅದು ಹೇಳುತ್ತದೆ. ಈ ಮಾತನ್ನು ನಾವು ಒಪ್ಪುತ್ತೇವೆ. ಆದರೆ ಅದು ನಮ್ಮ ಊರುಗಳಿಗೆ ಬಂದು ತಲುಪುತ್ತಿರುವ ರೀತಿಯ ಬಗ್ಗೆ ನಮಗೆ ತಕರಾರಿದೆ.

ಮೊದಲು ವಿಚಾರವೇನೆಂದು ನೋಡೋಣ. ಅಮೆರಿಕದ ಓರೆಗಾನ್ ರಾಜ್ಯದಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಃಶಾಸ್ತ್ರಜ್ಞ ವರ್ಷಗಟ್ಟಲೆ ಕುಟುಂಬಗಳನ್ನು ಗಮನಿಸಿ, ಹಠ ಬೆಳೆಯುವ ಬಗೆಯನ್ನು ವಿವರಿಸಿದ. 1982ರಲ್ಲಿ ಪುಸ್ತಕವಾಗಿ ಬಂದ ಆ ವಿವರಣೆಯನ್ನು ಅರ್ಥಮಾಡಿಕೊಳ್ಳಲು ಓರೆಗಾನ್‌ಗೆ ಹೋಗಬೇಕಾಗಿಲ್ಲ. ಮಂಡ್ಯ ಸಮೀಪದ ಹೊಳಲಿನಂತಹ ಊರಿನ ಒಂದು ಚಿಲ್ಲರೆ ಅಂಗಡಿಯನ್ನು ಕಲ್ಪಿಸಿಕೊಳ್ಳಿ. ಮಗು ಚಾಕಲೇಟು ಕೇಳುತ್ತದೆ, ತಾಯಿ ಬೇಡ ಎನ್ನುತ್ತಾಳೆ. ಮಗು ಅಳುತ್ತದೆ, ತಾಯಿ ಗದರುತ್ತಾಳೆ. ಮಗು ಕಿರುಚಿ ನೆಲಕ್ಕೆ ಬೀಳುತ್ತದೆ. ನಾಲ್ಕು ಜನ ನೋಡುತ್ತಿದ್ದಾರೆಂಬ ಸಂಕೋಚಕ್ಕೆ ತಾಯಿ ಕೊಡಿಸಿಬಿಡುತ್ತಾಳೆ. ಕೂಗು ನಿಂತದ್ದರಿಂದ ತಾಯಿಗೆ ಸಮಾಧಾನ, ಚಾಕಲೇಟು ಸಿಕ್ಕಿದ್ದರಿಂದ ಮಗುವಿಗೆ ಗೆಲುವು. ಅಂದು ಇಬ್ಬರೂ ಪಾಠ ಕಲಿತರು. ಜೋರಾಗಿ ಕಿರುಚಿದರೆ ಕೆಲಸವಾಗುತ್ತದೆಂದು ಮಗು ಕಲಿಯಿತು, ಸೋತರೆ ಶಾಂತಿ ಸಿಗುತ್ತದೆಂದು ತಾಯಿ ಕಲಿತಳು. ಇನ್ನೊಂದು ದಿನ ತಾಯಿ ನಾಲ್ಕೇಟು ಬಿಗಿಯುತ್ತಾಳೆ, ಮಗು ಹೆದರಿ ಸುಮ್ಮನಾಗುತ್ತದೆ. ಆಗ ಹೊಡೆತದಿಂದ ಕೆಲಸವಾಗುತ್ತದೆಂದು ಅವಳೂ ಕಲಿಯುತ್ತಾಳೆ. ಹೀಗೆ ಒಬ್ಬರನ್ನೊಬ್ಬರು ಬಲವಂತದಿಂದ ಬಗ್ಗಿಸುವ ಆಟ ದಿನದಿನಕ್ಕೆ ಬಲಿಯುತ್ತದೆ.

ಇದನ್ನು ಮುರಿಯುವ ದಾರಿಯನ್ನು ಅದೇ ಓರೆಗಾನ್‌ನಲ್ಲಿ 1960ರ ದಶಕದಲ್ಲಿ ಕಾನ್‌ಸ್ಟೆನ್ಸ್ ಹಾನ್ಫ್ ಎಂಬಾಕೆ ರೂಪಿಸಿದರು, 1970ರ ದಶಕದಲ್ಲಿ ಶೀಲಾ ಐಬರ್ಗ್ ಮುಂದುವರಿಸಿದರು. ಕ್ರಮ ಸರಳವಾದದ್ದು. ತಾಯಿಯೋ ತಂದೆಯೋ ಮಗುವಿನೊಂದಿಗೆ ಕೋಣೆಯಲ್ಲಿ ಆಡುತ್ತಾರೆ. ಚಿಕಿತ್ಸಕರು ಗಾಜಿನ ಆಚೆಯಿಂದ ನೋಡುತ್ತಾ ಅವರ ಕಿವಿಯಲ್ಲಿನ ಪುಟ್ಟ ಯಂತ್ರದ ಮೂಲಕ ಸಲಹೆ ಕೊಡುತ್ತಾರೆ. ಮೊದಲ ಹಂತದಲ್ಲಿ ಮಗುವೇ ಆಟದ ಯಜಮಾನ. ದೊಡ್ಡವರು ಅಪ್ಪಣೆ ಕೊಡುವಂತಿಲ್ಲ, ಪ್ರಶ್ನೆ ಕೇಳುವಂತಿಲ್ಲ, ಟೀಕಿಸುವಂತಿಲ್ಲ. ಮಗು ಮಾಡುತ್ತಿರುವುದನ್ನು ಮಾತಿನಲ್ಲಿ ಹೇಳಬೇಕು, ಒಳ್ಳೆಯದನ್ನು ಹೆಸರಿಟ್ಟು ಹೊಗಳಬೇಕು. ಬರೀ ‘ಜಾಣ’ ಎಂದರೆ ಸಾಲದು, ‘ತಂಗಿಗೆ ಗೊಂಬೆ ಕೊಟ್ಟೆಯಲ್ಲ, ಬಹಳ ಚೆನ್ನಾಯಿತು’ ಎನ್ನಬೇಕು. ಮನೆಯಲ್ಲೂ ದಿನಕ್ಕೆ ಐದು ನಿಮಿಷ ಇದೇ ಆಟ. ಸಂಬಂಧ ಗಟ್ಟಿಯಾದ ಮೇಲೆ ಎರಡನೆಯ ಹಂತ: ಸ್ಪಷ್ಟವಾದ ಒಂದು ಅಪ್ಪಣೆ, ಪಾಲಿಸಿದರೆ ಹೊಗಳಿಕೆ, ಪಾಲಿಸದಿದ್ದರೆ ಒಂದು ಎಚ್ಚರಿಕೆ, ಆಮೇಲೂ ಕೇಳದಿದ್ದರೆ ಕೆಲವೇ ನಿಮಿಷ ಕುರ್ಚಿಯಲ್ಲಿ ಕೂರಿಸುವುದು. ಕೂಗಾಟವಿಲ್ಲ, ಏಟಿಲ್ಲ.

ಈ ಬಗೆಯ ತರಬೇತಿಗಳು ಇಂದು ಹಲವು ದೇಶಗಳಲ್ಲಿ ಪರೀಕ್ಷೆಗೆ ಒಳಗಾಗಿವೆ. ಆರು ವರ್ಷದೊಳಗಿನ ಅತಿಚಟುವಟಿಕೆಯ ಮಕ್ಕಳಿಗೆ ಔಷಧಿಗಿಂತ ಮೊದಲು ಪೋಷಕರಿಗೆ ತರಬೇತಿ ಕೊಡಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರಲ್ಲಿ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ಪೋಷಕರ ತರಬೇತಿಗೆ ಮಾರ್ಗಸೂಚಿ ಹೊರಡಿಸಿದೆ.

‘ಇದೆಲ್ಲ ಪಾಶ್ಚಾತ್ಯರ ಮುದ್ದು, ಏಟಿಲ್ಲದೆ ಮಕ್ಕಳು ಬಗ್ಗುವುದಿಲ್ಲ’ ಎನ್ನುವವರಿದ್ದಾರೆ. ಏಟಿನ ಕೊರತೆ ನಮ್ಮಲ್ಲಿಲ್ಲ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೂವರು ಮಕ್ಕಳಲ್ಲಿ ಇಬ್ಬರು ದೈಹಿಕ ಹಿಂಸೆ ಅನುಭವಿಸಿದ್ದರು. ಮನೆಯೊಳಗೆ ಹಿಂಸೆಗೆ ಒಳಗಾದ ಮಕ್ಕಳ ಪೈಕಿ ಶೇ. 88.6ರಷ್ಟು ಮಂದಿಯನ್ನು ಹಿಂಸಿಸಿದವರು ಹೆತ್ತವರೇ. ಇಷ್ಟು ಹೊಡೆದೂ ನಮ್ಮ ಮಕ್ಕಳ ಹಠ ಇಳಿದಿದೆಯೇ? 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿತು. ಮನೆಯ ಹೊಸ್ತಿಲಿನ ಒಳಗೆ ಅಂಥ ಸ್ಪಷ್ಟ ನಿಷೇಧವಿಲ್ಲ.

ಹೊಡೆತಕ್ಕೆ ಧರ್ಮದ ಮೊಹರು ಹಾಕುವುದು ಇನ್ನೂ ದೊಡ್ಡ ಅನ್ಯಾಯ. ನಮಾಝ್ ಕುರಿತ ಹದೀಸೊಂದನ್ನು ನೆಪ ಮಾಡಿಕೊಂಡು ಮೂರು ವರ್ಷದ ಮಗುವಿನ ಮೇಲೆ ಕೈಯೆತ್ತುವವರು, ಅದರಲ್ಲಿ ಏಳು ವರ್ಷದವರೆಗೆ ನಮಾಝ್‌ಗೆ ಆದೇಶಿಸುವ ಮಾತೇ ಇಲ್ಲ, ಹತ್ತರವರೆಗೆ ದಂಡನೆಯ ಮಾತಿಲ್ಲ ಎಂಬುದನ್ನು ಮರೆಯುತ್ತಾರೆ. ಪ್ರವಾದಿ ಮುಹಮ್ಮದ್(ಸ)ರು ಮೊಮ್ಮಗನಿಗೆ ಮುತ್ತಿಟ್ಟದ್ದನ್ನು ಕಂಡು, ತನಗೆ ಹತ್ತು ಮಕ್ಕಳಿದ್ದರೂ ಒಬ್ಬರಿಗೂ ಮುತ್ತಿಟ್ಟಿಲ್ಲವೆಂದು ಅಕ್ರಅ್ ಎಂಬವರು ಹೇಳಿಕೊಂಡಾಗ, ಕರುಣೆ ತೋರದವನಿಗೆ ಕರುಣೆ ಸಿಗದೆಂದು ಪ್ರವಾದಿವರ್ಯರು ಎಚ್ಚರಿಸಿದರು. ಕನ್ನಡದ ಪರಂಪರೆಯಲ್ಲೂ ಇದರ ಸುಳಿವಿದೆ. ಪುರಂದರದಾಸರ ಕೀರ್ತನೆಯೊಂದರಲ್ಲಿ ಗುಮ್ಮನಿಗೆ ಹೆದರಿದ ಬಾಲಕೃಷ್ಣ ಒಳ್ಳೆಯವನಾಗಿರುತ್ತೇನೆಂದು ತಾಯಿಗೆ ಮೊರೆಯಿಡುತ್ತಾನೆ. ಕೊನೆಗೆ ಆಕೆ ಮುಗುಳ್ನಕ್ಕು ಅಪ್ಪಿಕೊಳ್ಳುತ್ತಾಳೆ. ನಾವು ಗುಮ್ಮನನ್ನು ಉಳಿಸಿಕೊಂಡೆವು, ಅಪ್ಪುಗೆಯನ್ನು ಮರೆತೆವು.

ಈಗ ನಮ್ಮ ತಕರಾರಿಗೆ ಬರೋಣ. ‘ಪೋಷಕರ ತರಬೇತಿ’ ಎಂಬ ಮಾತು ಕನ್ನಡಕ್ಕೆ ಬರುವಷ್ಟರಲ್ಲಿ ‘ತಾಯಿಯ ತರಬೇತಿ’ ಆಗಿಬಿಡುತ್ತದೆ. ಪತ್ರಿಕೆಗಳ ಸಲಹಾ ಅಂಕಣಗಳನ್ನು ನೋಡಿ, ಶಾಲೆಯ ಸಭೆಗಳಿಗೆ ಹೋಗಿ. ಎಲ್ಲ ಕಿವಿಮಾತೂ ಹೆಣ್ಣಿಗೇ. ಕನ್ನಡದಲ್ಲಿ ಈ ಬಗೆಯ ಬರವಣಿಗೆಗೆ ಒಳ್ಳೆಯ ಇತಿಹಾಸವೇ ಇದೆ. ಡಾ. ಎಂ. ಶಿವರಾಂ ಅವರ ಮನಸ್ಸಿನ ಕುರಿತ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಾ. ಅನುಪಮಾ ನಿರಂಜನರ ‘ತಾಯಿ-ಮಗು’ವನ್ನು ಬಲ್ಲದ ಓದುವ ಮನೆ ವಿರಳ. ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಮನೋರೋಗದ ಬಗೆಗಿನ ಭಯವನ್ನು ಸರಳ ಕನ್ನಡದಲ್ಲಿ ಹೋಗಲಾಡಿಸಿದರು. ಅವರು ಹಾಕಿದ ದಾರಿಯಲ್ಲಿ ತಂದೆಯನ್ನೂ ಕರೆದು ಕೂರಿಸುವ ಬರಹ ಸಾಕಷ್ಟು ಬರಲಿಲ್ಲ. ‘ತಾಯಿಯೇ ಮೊದಲ ಗುರು’ ಎಂಬ ಹೊಗಳಿಕೆ, ಮಗು ಕೆಟ್ಟಾಗ ‘ತಾಯಿಯೇ ಮೊದಲ ಅಪರಾಧಿ’ ಎಂಬ ತೀರ್ಪಾಗಿ ಬದಲಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಚಿಕಿತ್ಸೆಯ ಲೆಕ್ಕಾಚಾರವೇ ಇಲ್ಲಿ ತಪ್ಪುತ್ತದೆ. ಒಂದು ಕೋಣೆ, ಒಂದು ಕುರ್ಚಿ, ಇಬ್ಬರು ಪೋಷಕರು, ಬಿಡುವಿನ ಸಂಜೆ ಎಂಬ ಊಹೆ ಅದರ ಬುಡದಲ್ಲಿದೆ. ನಮ್ಮ ಸೀಮೆಯ ಮನೆಯಲ್ಲಿ ತಾಯಿ ಬೆಳಗಾಗುವ ಮುಂಚೆ ಎದ್ದು ಗದ್ದೆಗೋ ಗಾರ್ಮೆಂಟ್ಸ್ ಬಸ್ಸಿಗೋ ಹೋದರೆ, ಮಗು ದಿನವಿಡೀ ಇರುವುದು ಅಜ್ಜಿಯ ಜೊತೆ. ತಾಯಿ ಬೇಡ ಎಂದದ್ದಕ್ಕೆ ‘ಅಳಬ್ಯಾಡ ಬಾ ಮಗ, ನಾನು ಕೊಡುಸ್ತೀನಿ’ ಎಂದು ಅಜ್ಜಿ ಕರೆದರೆ, ಅತ್ತೆಯ ಮಾತಿಗೆ ಸೊಸೆ ಎದುರಾಡುವುದುಂಟೆ? ಸಂಜೆ ಬಂದ ತಂದೆ ಗಲಾಟೆ ಕೇಳಿ ಮಗುವಿಗೊಂದು, ‘ಮಗ ಬೆಳೆಸೋದು ಗೊತ್ತಿಲ್ವ’ ಎಂದು ಹೆಂಡತಿಗೊಂದು ಕೊಟ್ಟರೆ, ಆ ಮನೆಯಲ್ಲಿ ಚಿಕಿತ್ಸೆ ಯಾರಿಗೆ ಬೇಕು? ತಾಯಿಯೊಬ್ಬಳನ್ನೇ ಕೂರಿಸಿ ಹೊಗಳುವುದನ್ನು ಕಲಿಸಿ ಕಳಿಸಿದರೆ, ಹೊಲಿಗೆ ಬಿಟ್ಟ ಚೀಲಕ್ಕೆ ಭತ್ತ ತುಂಬಿದಂತಾಗುತ್ತದೆ. ಹೊಗಳಿಕೆಯ ಮಾತನ್ನೇ ಕೇಳದೆ ಬೆಳೆದ ಹೆಣ್ಣಿನಿಂದ ಹೊಗಳಿಕೆಯನ್ನು ನಿರೀಕ್ಷಿಸುವವರು, ಅವಳನ್ನು ಹೊಗಳುವವರು ಯಾರೆಂದೂ ಕೇಳಬೇಕು.

ಇನ್ನೊಂದು ಎಚ್ಚರವೂ ಅಗತ್ಯ. ಹಠವೆಂದು ಕಾಣುವುದೆಲ್ಲ ಹಠವಲ್ಲ. ಕಿವಿ ಕೇಳದ ಮಗು ಕರೆದರೆ ತಿರುಗುವುದಿಲ್ಲ, ಮಾತು ಬಾರದ ಮಗು ಕಚ್ಚಿ ತನ್ನ ಬೇಡಿಕೆ ಹೇಳುತ್ತದೆ, ಆಟಿಸಂ ಇರುವ ಮಗು ಗದ್ದಲಕ್ಕೆ ಕಿರುಚುತ್ತದೆ. ಅದಕ್ಕೆ ಹೊಡೆತವೂ ಅನ್ಯಾಯ, ತಾಯಿಯ ಮೇಲಿನ ದೂರೂ ಅನ್ಯಾಯ. ಮಂಡ್ಯದಿಂದ ದೂರವಿಲ್ಲದ ಮೈಸೂರಿನಲ್ಲೇ 1960ರ ದಶಕದಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳ ತಪಾಸಣೆಗೆ ಅವಕಾಶವಿದೆ. ಮೊದಲು ಕಿವಿ, ಮಾತು, ಬೆಳವಣಿಗೆ ಪರೀಕ್ಷೆಯಾಗಲಿ.

ಹಾಗಾದರೆ ಪೋಷಕರ ತರಬೇತಿ ನಡೆಯಬೇಕಾದದ್ದು ಎಲ್ಲಿ? ಬೆಂಗಳೂರಿನ ನಿಮ್ಹಾನ್ಸ್‌ಗೆ ಎಷ್ಟು ತಾಯಂದಿರು ಕೂಲಿ ಬಿಟ್ಟು ವಾರವಾರವೂ ಹೋಗಿಬರಬಲ್ಲರು? ಉತ್ತರ ಅಂಗನವಾಡಿಯಲ್ಲಿದೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಮಳವಳ್ಳಿಯ ನೆರೆಯ ತಿ. ನರಸೀಪುರ. ಮಗುವಿನ ತೂಕ ನೋಡುವ ಆ ಕೇಂದ್ರದಲ್ಲಿ ಮಗುವಿನ ಮನಸ್ಸನ್ನೂ ನೋಡಬಹುದು. ಆದರೆ ಈಗಾಗಲೇ ಹತ್ತು ಕೆಲಸ ಹೊತ್ತ ಕಾರ್ಯಕರ್ತೆಯ ಮೇಲೆ ಹನ್ನೊಂದನೆಯದನ್ನು ಪುಕ್ಕಟೆಯಾಗಿ ಹೇರಬಾರದು. ತರಬೇತಿ ಮತ್ತು ಅದಕ್ಕೆ ತಕ್ಕ ಸಂಬಳ ಎರಡೂ ಬೇಕು. ಸಭೆಗೆ ಅಜ್ಜಿಯನ್ನು ಕರೆಯಬೇಕು. ತಂದೆ ಬರಬಹುದಾದ ಹೊತ್ತಿಗೆ ಸಭೆ ಇಡಬೇಕು. ಮನೆಯಲ್ಲಿ ದಖನಿ ಉರ್ದು ಆಡುವ ತಾಯಿಗೆ ಅವಳ ಮಾತಿನಲ್ಲೇ ಹೇಳಬೇಕು.

ಮಸೀದಿಗಳಿಗೂ ಇಲ್ಲಿ ಕೆಲಸವಿದೆ. ಜುಮಾ ದಿನ ಸೇರುವಷ್ಟು ತಂದೆಯಂದಿರನ್ನು ಯಾವ ಆಸ್ಪತ್ರೆಯೂ ಒಟ್ಟಿಗೆ ಸೇರಿಸಲಾರದು. ಮಗುವಿನ ಅಳು ಕಿವಿಗೆ ಬಿದ್ದಾಗ, ಅದರ ತಾಯಿಯ ಕಳವಳವನ್ನು ನೆನೆದು ಪ್ರವಾದಿ(ಸ)ರು ನಮಾಝನ್ನು ಚುಟುಕಾಗಿಸುತ್ತಿದ್ದರು ಎಂಬುದನ್ನು ಆ ತಂದೆಯಂದಿರಿಗೆ ಖುತುಬಾದಲ್ಲಿ ಹೇಳಲಿ. ಅಳುವ ಮಗುವಿಗಾಗಿ ಅಂದು ನಡವಳಿಕೆ ಬದಲಿಸಿಕೊಂಡದ್ದು ಮುಂದೆ ನಿಂತಿದ್ದ ಗಂಡಸು. ದಿನಕ್ಕೆ ಐದು ನಿಮಿಷ ನೆಲದ ಮೇಲೆ ಕೂತು, ಚನ್ನಪಟ್ಟಣದ ಒಂದು ಮರದ ಗೊಂಬೆ ಹಿಡಿದು ಮಗುವಿನ ಅಪ್ಪಣೆಯಂತೆ ಆಡುವುದು ನಮ್ಮ ಗಂಡಸರಿಗೆ ಆಗದ ಕೆಲಸವೇನಲ್ಲ.

ಚಿಕಿತ್ಸೆ ಬೇಕಾದದ್ದು ದೊಡ್ಡವರಿಗೆ ಎಂಬ ಮಾತು ನಿಜ. ದೊಡ್ಡವರೆಂದರೆ ಮನೆಯ ಎಲ್ಲ ದೊಡ್ಡವರೂ ಹೌದು, ಅವರನ್ನು ಬೆಂಬಲಿಸಬೇಕಾದ ಸರಕಾರವೂ ಸಮುದಾಯವೂ ಹೌದು. ಅಷ್ಟನ್ನು ಒಪ್ಪದೆ ತಾಯಿಯೊಬ್ಬಳಿಗೇ ಪಾಠ ಹೇಳುವ ತರಬೇತಿ, ಎಷ್ಟೇ ವೈಜ್ಞಾನಿಕವಾಗಿದ್ದರೂ, ನಮ್ಮ ಹಳೆಯ ದೂರಿಗೆ ಹೊಸ ಹೆಸರು ಕೊಟ್ಟಂತೆಯೇ ಸರಿ.