ಅತ್ತವನ ಲೆಕ್ಕ, ಅಳದವನ ಕಥೆ

ಅಡವಿಟ್ಟ ಚಿನ್ನವನ್ನು ಗಡುವಿನೊಳಗೆ ಬಿಡಿಸಿಕೊಳ್ಳದವರ ಪಟ್ಟಿ ಬರೆಯುವುದು ಬ್ಯಾಂಕಿನಲ್ಲಿ ನನ್ನ ಕೆಲಸಗಳಲ್ಲೊಂದು. ಮುಂದಿನ ಹಂತವನ್ನು ನಾವು ಕನ್ನಡದವರು ಏಲಂ ಎನ್ನುತ್ತೇವೆ, ಮೇಜಿನ ಆಚೆ ನಿಂತ ಮಲಯಾಳದ ಗಿರಾಕಿ ಲೇಲಂ ಎನ್ನುತ್ತಾನೆ. ಎರಡೂ ಪೋರ್ಚುಗೀಸರು ಬಿಟ್ಟುಹೋದ ಮಾತಿನ ರೂಪಗಳು. ಬ್ರೆಜಿಲಿನ ಗೇರನ್ನು ನಮ್ಮ ಗುಡ್ಡಗಳಿಗೆ ತಂದವರೂ ಅವರೇ. ಅದೇ ಜನ ಅಟ್ಲಾಂಟಿಕ್ ಸಾಗರದ ದಡದಲ್ಲಿ ಮನುಷ್ಯರನ್ನು ಪಾಲು ಹಾಕಿಕೊಂಡರು. ಆ ಕುರಿತ ಎರಡು ಬರಹಗಳನ್ನು ಇಂಗ್ಲಿಷಿನ ಮೂಲಕ ಓದಿದ ಮೇಲೆ ನನ್ನನ್ನು ಒಂದು ಪ್ರಶ್ನೆ ಕಾಡುತ್ತಿದೆ. ಮರುಗಿ ಬರೆದ ಮಾತ್ರಕ್ಕೆ ಬರಹವು ನೊಂದವರ ಪರ ನಿಂತಂತಾಗುತ್ತದೆಯೇ?

ಮೊದಲನೆಯದು ಗೋಮೆಸ್ ಈಯಾನೆಸ್ ದೆ ಜುರಾರಾ ಸುಮಾರು 1453ರಲ್ಲಿ ಮುಗಿಸಿದ ಗಿನಿಯ ವೃತ್ತಾಂತ. ಈತ ಮುಂದೆ ಲಿಸ್ಬನ್ನಿನ ರಾಜದಫ್ತರವನ್ನು ನೋಡಿಕೊಂಡವನು. ಈ ಕೃತಿಯ ಹಸ್ತಪ್ರತಿ ಬಹುಕಾಲ ಕಣ್ಮರೆಯಾಗಿದ್ದು, 1837ರಲ್ಲಿ ಪ್ಯಾರಿಸಿನಲ್ಲಿ ಸಿಕ್ಕಿತು. 1444ರ ಆಗಸ್ಟ್ 8ರಂದು ಪೋರ್ಚುಗಲಿನ ಲಾಗೋಸ್ ಬಂದರಿನಲ್ಲಿ ನಡೆದ ಹಂಚಿಕೆಯ ವರ್ಣನೆ ಇದರ ಬಹು ಪ್ರಸಿದ್ಧ ಭಾಗ. ಆಫ್ರಿಕದ ಪಶ್ಚಿಮ ಕರಾವಳಿಯಿಂದ ಹಿಡಿದು ತಂದ 235 ಮಂದಿಯನ್ನು ಊರ ಹೊರಗಿನ ಬಯಲಿನಲ್ಲಿ ನಿಲ್ಲಿಸಿ ಪಾಲು ಮಾಡುತ್ತಾರೆ. ಗಂಡನೊಂದು ಪಾಲು, ಹೆಂಡತಿಯೊಂದು ಪಾಲು. ತಾಯಂದಿರು ಮಕ್ಕಳನ್ನು ಅವಚಿಕೊಂಡು ನೆಲಕ್ಕೆ ಬೀಳುತ್ತಾರೆ. ರಾಜಕುಮಾರ ಹೆನ್ರಿ ಕುದುರೆಯ ಮೇಲೆ ಕುಳಿತು ನೋಡುತ್ತಿದ್ದಾನೆ. ಐದರಲ್ಲೊಂದು ಪಾಲು ಅವನದು. ಅದು 46 ಮಂದಿ ಎಂದು ಬರೆದಿದೆ. ಐದರಿಂದ ಭಾಗಿಸಿದರೆ 47 ಬರಬೇಕಲ್ಲ ಎಂದು ಗುಮಾಸ್ತನ ಬುದ್ಧಿ ಕೂಡಲೇ ಹೇಳಿತು. ಹಂಚುವ ಮೊದಲೇ ಒಬ್ಬನನ್ನು ಊರ ಇಗರ್ಜಿಗೆ ಕಾಣಿಕೆಯಾಗಿ ತೆಗೆದಿಟ್ಟಿದ್ದರೆಂಬುದು ಆಮೇಲೆ ನೆನಪಾಯಿತು. ಇಂಥ ಲೆಕ್ಕ ಮಾಡಿದ್ದಕ್ಕೆ ನನಗೇ ನಾಚಿಕೆಯೂ ಆಯಿತು.

ಜುರಾರಾ ಇಲ್ಲಿ ಅಳುತ್ತಾನೆ. ಅವರೂ ಆದಮನ ಮಕ್ಕಳೇ ಎಂದು ಮರುಗುತ್ತಾನೆ. ಅದು ಬರೀ ತೋರಿಕೆಯ ಅಳುವೆಂದು ನಾನು ಹೇಳಲಾರೆ. ಅಷ್ಟು ಸ್ಪಷ್ಟವಾಗಿ ಕಂಡು ಬರೆದವನ ಮನಸ್ಸು ಕಲ್ಲಾಗಿರಲಾರದು. ಆದರೆ ಕೆಲವೇ ಸಾಲುಗಳಲ್ಲಿ ಅವನಿಗೆ ಸಮಾಧಾನ ಸಿಗುತ್ತದೆ: ಇವರ ಆತ್ಮಗಳಿಗೆ ಸದ್ಗತಿಯಾಯಿತು. ಕೃತಿಯ ಕೊನೆಗೆ ಬರುವಾಗ ಒಟ್ಟು ಮೊತ್ತ ಸಿದ್ಧವಾಗಿದೆ. 927 ಮಂದಿ ಬಂದರು, ಹೆಚ್ಚಿನವರು ಸನ್ಮಾರ್ಗ ಹಿಡಿದರು ಎಂದು. ಕಣ್ಣೀರು ಖರ್ಚಿನ ಕಡೆ, ಸದ್ಗತಿ ಜಮೆಯ ಕಡೆ, ಲೆಕ್ಕ ತಾಳೆಯಾಯಿತು. ಅವನ ಕರುಣೆ ಓದುಗನನ್ನು ಆ ಬಯಲಿಗೆ ಕರೆದೊಯ್ಯುತ್ತದೆ, ಅದೇ ಕರುಣೆ ಅಲ್ಲಿಂದ ಪಾರು ಮಾಡಿಯೂ ಕಳುಹಿಸುತ್ತದೆ.

ಎರಡನೆಯ ಬರಹಕ್ಕೂ ಇದಕ್ಕೂ ನಡುವೆ ನಾಲ್ಕೂವರೆ ಶತಮಾನವಿದೆ. ಆ ಕಾಲವನ್ನು ತುಂಬಿದ್ದು ಮುಖ್ಯವಾಗಿ ಸಕ್ಕರೆ. ಮದೇರಾ ದ್ವೀಪ, ಸಾವೊ ತೊಮೆ, 16ನೆಯ ಶತಮಾನದ ನಡುವಿನಿಂದ ಬ್ರೆಜಿಲಿನ ಪೆರ್ನಾಂಬುಕೊ, ಬಾಹಿಯಾ. ಕಬ್ಬು ಹೋದಲ್ಲಿಗೆಲ್ಲ ಗುಲಾಮರ ಹಡಗೂ ಹೋಯಿತು. ಕಡಿದ ಕಬ್ಬನ್ನು ಬೇಗ ಅರೆಯದಿದ್ದರೆ ರಸ ಹುಳಿಯುತ್ತದೆ. ಆಲೆಮನೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಆದ್ದರಿಂದ ಕಟಾವಿನ ತಿಂಗಳುಗಳಲ್ಲಿ ಅಲ್ಲಿನ ಗಾಣಗಳು ಹಗಲು ರಾತ್ರಿ ತಿರುಗಿದವು, ಮನುಷ್ಯರೂ ತಿರುಗಿದರು. ಬ್ರೆಜಿಲಿನಲ್ಲಿ ಜೀವಂತ ಇಳಿದ ಆಫ್ರಿಕದವರು ಸುಮಾರು 48 ಲಕ್ಷ. ಅಂತೋನಿಲ್ ಎಂಬ ಪಾದ್ರಿ 1711ರಲ್ಲಿ ಈ ಸಕ್ಕರೆ ಉದ್ಯಮದ ವಿವರಗಳನ್ನೆಲ್ಲ ಅಚ್ಚು ಹಾಕಿಸಿದಾಗ ಪೋರ್ಚುಗಲ್ ಸರಕಾರ ಪ್ರತಿಗಳನ್ನು ಮುಟ್ಟುಗೋಲು ಹಾಕಿತು. ಗುಲಾಮರ ಗೋಳು ಬಯಲಾಯಿತೆಂದಲ್ಲ, ಬ್ರೆಜಿಲಿನ ಸಂಪತ್ತಿನ ಗುಟ್ಟು ಪರರಾಜ್ಯದವರಿಗೆ ತಿಳಿದೀತೆಂದು!

ಮಶಾದೊ ದೆ ಆಸಿಸ್ (1839–1908) ರಿಯೊ ನಗರದವನು. ತಂದೆಯ ಕಡೆಯ ಅಜ್ಜ ಅಜ್ಜಿ ಬಿಡುಗಡೆ ಪಡೆದ ಗುಲಾಮರು. ಅವನೂ ಸರಕಾರಿ ನೌಕರ. ಗುಲಾಮ ತಾಯಂದಿರಿಗೆ ಮುಂದೆ ಹುಟ್ಟುವ ಮಕ್ಕಳು ಸ್ವತಂತ್ರರೆಂದು ಸಾರಿದ 1871ರ ಕಾಯಿದೆಯ ಕಡತಗಳು ಕೃಷಿ ಇಲಾಖೆಯಲ್ಲಿ ಅವನ ಮೇಜಿನ ಮೇಲೆ ಬರುತ್ತಿದ್ದವು. ಗುಲಾಮಗಿರಿಯ ವಿರುದ್ಧ ಇವನು ಗಟ್ಟಿಯಾಗಿ ಕೂಗಲಿಲ್ಲವೆಂಬ ಆಕ್ಷೇಪ ಹಳೆಯದು. 1906ರಲ್ಲಿ ಪ್ರಕಟವಾದ ‘ತಾಯಿಗೆದುರಾಗಿ ತಂದೆ’ ಕಥೆಯನ್ನು ಓದಿದರೆ ಆ ಆಕ್ಷೇಪ ನಿಲ್ಲಲಾರದು ಎಂದೇ ನನಗನಿಸುತ್ತದೆ.

ಕಥೆ ಶುರುವಾಗುವುದು ಉಪಕರಣಗಳ ಪಟ್ಟಿಯಿಂದ. ಕೊರಳಿನ ಕಬ್ಬಿಣದ ಪಟ್ಟಿ, ಕಾಲಿನ ಸರಪಳಿ, ಕುಡಿಯದಂತೆ ಬಾಯಿ ಮುಚ್ಚುವ ತಗಡಿನ ಮುಖವಾಡ. ತಗಡಿನ ಕೆಲಸದವರು ಅವನ್ನು ಅಂಗಡಿ ಬಾಗಿಲಲ್ಲಿ ಮಾರಾಟಕ್ಕೆ ತೂಗುಹಾಕುತ್ತಿದ್ದರಂತೆ. ದರಪಟ್ಟಿ ಓದುವಷ್ಟೇ ತಣ್ಣನೆಯ ಧ್ವನಿ. ಯಾವ ಕಸುಬಿನಲ್ಲೂ ನಿಲ್ಲದ ಕಾಂದಿದೊ ನೆವೆಸ್ ಎಂಬ ಬಡವ ಪತ್ರಿಕೆಯ ಜಾಹೀರಾತು ನೋಡಿ ಓಡಿಹೋದ ಗುಲಾಮರನ್ನು ಹಿಡಿದುಕೊಟ್ಟು ಬದುಕುತ್ತಾನೆ. ಬಾಡಿಗೆ ಬಾಕಿ, ಮನೆ ಹೋಗುತ್ತದೆ. ಹುಟ್ಟಿದ ಮಗುವನ್ನು ಅನಾಥಾಲಯಕ್ಕೆ ಒಪ್ಪಿಸಲು ಹೊರಟ ರಾತ್ರಿ, 100 ಮಿಲ್-ರೇಯಿಸ್ ಬಹುಮಾನವಿರುವ ಅರ್ಮಿಂದಾ ಕಣ್ಣಿಗೆ ಬೀಳುತ್ತಾಳೆ. ಮಗುವನ್ನು ಔಷಧಿ ಅಂಗಡಿಯವನ ಕೈಗಿಟ್ಟು ಅವಳನ್ನು ಹಗ್ಗದಿಂದ ಕಟ್ಟುತ್ತಾನೆ. ತಾನು ಬಸುರಿ ಎಂದು ಅವಳು ಅಂಗಲಾಚುತ್ತಾಳೆ. ಯಜಮಾನನ ಮನೆಯೊಳಗೇ ಅವಳ ಗರ್ಭ ಬೀಳುತ್ತದೆ. ಅವನು ಐವತ್ತರ ಎರಡು ನೋಟು ತೆಗೆದುಕೊಂಡು ಮಗುವಿನ ಕಡೆ ಓಡುತ್ತಾನೆ.

ಇಲ್ಲಿ ಯಾರೂ ಲೇಖಕನ ಪರವಾಗಿ ಅಳುವುದಿಲ್ಲ. ಆ ತಂದೆ ರಾಕ್ಷಸನೂ ಅಲ್ಲ. ಮಗು ಅವನ ಮಡಿಲಲ್ಲಿ ಉಳಿಯಲಿ ಎಂದು ನಾವೂ ಮನಸ್ಸಿನಲ್ಲಿ ಬಯಸಿರುತ್ತೇವೆ. ಆ ಬಯಕೆಯ ಬೆಲೆ ಏನೆಂದು ತಿಳಿಯುವ ಹೊತ್ತಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಜುರಾರಾ ಕೊಟ್ಟ ಸದ್ಗತಿಯ ಜಮೆ ಈ ಪುಸ್ತಕದಲ್ಲಿ ಖಾಲಿ ಬಿಟ್ಟಿದೆ.

ಒಂದು ಕೊರತೆಯನ್ನು ಮಾತ್ರ ಹೇಳಬೇಕು. ಕಾಂದಿದೊನ ಮದುವೆ, ಸಾಲ, ಹೆಂಡತಿಯ ಅತ್ತೆಯ ಚುಚ್ಚುಮಾತು ಎಲ್ಲವೂ ವಿವರವಾಗಿ ಬಂದಿವೆ. ಅರ್ಮಿಂದಾ ಕೊನೆಯ ಪುಟಗಳಲ್ಲಷ್ಟೇ ಬರುತ್ತಾಳೆ, ಹಗ್ಗ ಬೀಳುವ ತನಕ ಮಾತನಾಡುವುದಿಲ್ಲ. ಅಷ್ಟು ದಿನ ಎಲ್ಲಿ ಅಡಗಿದ್ದಳು, ಯಾರು ಅನ್ನ ಕೊಟ್ಟರು ಎಂದು ಕೇಳುವ ಕಥೆಯನ್ನು ಮಶಾದೊ ಬರೆಯಲಿಲ್ಲ.