ಹೊಸದಾಗಿ ಶುರುಮಾಡಿ ಎನ್ನುವ ಬ್ಯಾಕಪ್

2007ರ ಅಕ್ಟೋಬರ್‌ನಲ್ಲಿ ಮ್ಯಾಕ್ ಆಪರೇಟಿಂಗ್ ಸಿಸ್ಟಮ್ ಲೆಪರ್ಡ್ ಜೊತೆಗೆ ಬಂದ ಆಪಲ್‌ನ ಬ್ಯಾಕಪ್ ಸಾಧನ ಟೈಮ್ ಮಷೀನ್ ಗಳಿಸಿದ ಹೆಸರು ಇಂದಿಗೂ ಮುಕ್ಕಾಗಿಲ್ಲ. ಮೊದಲ ದಿನ ಗಂಟೆಗೊಂದು ಪ್ರತಿ, ಆಮೇಲೆ ಒಂದು ತಿಂಗಳು ದಿನಕ್ಕೊಂದು, ಅದಕ್ಕೂ ಹಳೆಯದಾದರೆ ವಾರಕ್ಕೊಂದು. ಲೆಕ್ಕಾಚಾರ ಜಾಣತನದ್ದೇ, ಯುಎಸ್‌ಬಿ ಡಿಸ್ಕ್ ಸಿಕ್ಕಿಸಿ ಬಳಸುವವರಿಗೆ ಅದರಿಂದ ಉಪಕಾರವೂ ಆಗಿದೆ. ಆದರೆ ಅಲ್ಲಿ ಗಳಿಸಿದ ಹೆಸರನ್ನು ಮನೆಯ ನೆಟ್‌ವರ್ಕ್ ಮೇಲಿನ ಬ್ಯಾಕಪ್‌ಗೂ ಯಾವ ಪರೀಕ್ಷೆಯೂ ಇಲ್ಲದೆ ದಾಟಿಸಲಾಗಿದೆ. ಹಳೆಯ ಮ್ಯಾಕ್‌ಬುಕ್ ಒಂದನ್ನು ವೈ-ಫೈ ಮೂಲಕ ವರ್ಷಗಟ್ಟಲೆ ಬ್ಯಾಕಪ್ ಮಾಡಿದವರು ಕಂಡಿರುವ ಟೈಮ್ ಮಷೀನ್ ಬೇರೆಯೇ. ಅದು ಕೆಟ್ಟ ವಿನ್ಯಾಸ.

ಇದಕ್ಕೆ ಸಾಕ್ಷಿಯಾಗಿ ಒಂದೇ ಒಂದು ಸಂದೇಶವನ್ನು ಓದಿದರೆ ಸಾಕು. ಒಂದು ದಿನ ಇದ್ದಕ್ಕಿದ್ದಂತೆ ಪರದೆಯ ಮೇಲೆ ಕಿಟಕಿ ತೆರೆಯುತ್ತದೆ: ನಿಮ್ಮ ಬ್ಯಾಕಪ್‌ಗಳ ಪರಿಶೀಲನೆ ಮುಗಿದಿದೆ, ವಿಶ್ವಾಸಾರ್ಹತೆ ಹೆಚ್ಚಿಸುವುದಕ್ಕಾಗಿ ಹೊಸ ಬ್ಯಾಕಪ್ ಮಾಡಬೇಕಾಗಿದೆ. ಈ ಮಾತು ಹೇಗೆ ಕಟ್ಟಿದ್ದಾರೆ ನೋಡಿ. ಮೊದಲು ಪರಿಶೀಲನೆ, ಅದೂ ಮುಗಿದ ಕೆಲಸ. ಆಮೇಲೆ ವಿಶ್ವಾಸಾರ್ಹತೆ, ಅದೂ ಹೆಚ್ಚಾಗುವಂಥದ್ದು. ಹಳೆಯ ಬ್ಯಾಕಪ್ ಕೆಟ್ಟಿದೆ ಎಂಬ ಮಾತು ಎಲ್ಲೂ ಇಲ್ಲ. ಹಿಂದಿನ ಇತಿಹಾಸವೆಲ್ಲ ಅಳಿಸಿಹೋಗುತ್ತದೆ ಎಂಬುದು ಕೆಳಗೆ ಸಣ್ಣ ಅಕ್ಷರದಲ್ಲಿದೆ. ಅದನ್ನೂ ಹೊಸ ಬ್ಯಾಕಪ್‌ನ ಪರಿಣಾಮವೆಂಬಂತೆ ಹೇಳಿದ್ದಾರೆ. ನಾಲ್ಕು ವರ್ಷದ ಪ್ರತಿಗಳು ಹೋಗುವ ಸುದ್ದಿ ಇರಬೇಕಾದ ಜಾಗ ಅದಲ್ಲ. ಒತ್ತಲು ಇರುವ ಗುಂಡಿಗಳು ಎರಡೇ. ಒಂದು, ಹೊಸದಾಗಿ ಶುರುಮಾಡಿ. ಇನ್ನೊಂದು, ಆಮೇಲೆ, ಅದನ್ನು ಒತ್ತಿದರೆ ಅಷ್ಟು ಹೊತ್ತೂ ಬ್ಯಾಕಪ್ ನಿಂತಿರುತ್ತದೆ. ದುರಸ್ತಿ ಮಾಡಿ ಎನ್ನುವ ಮೂರನೆಯ ಗುಂಡಿಯೇ ಇಲ್ಲ.

ಹಾಗೆಂದು ದುರಸ್ತಿ ಅಸಾಧ್ಯವೇನಲ್ಲ. ಬ್ಯಾಕಪ್‌ನ ಒಳಗೆ ಒಂದು ಪುಟ್ಟ ಪಿ-ಲಿಸ್ಟ್ ಕಡತವಿದೆ. ವೆರಿಫಿಕೇಶನ್‌ಸ್ಟೇಟ್ ಎಂಬ ಸಾಲಿನಲ್ಲಿ 2 ಎಂದಿದ್ದರೆ ಟೈಮ್ ಮಷೀನ್ ಆ ಬ್ಯಾಕಪ್ಪನ್ನು ಮುಟ್ಟುವುದಿಲ್ಲ. ಟರ್ಮಿನಲ್ ತೆರೆದು, ಬ್ಯಾಕಪ್ ಇರುವ ಡಿಸ್ಕ್ ಇಮೇಜನ್ನು ಮೌಂಟ್ ಮಾಡದೆ ಜೋಡಿಸಿ, ಅದರ ಮೇಲೆ ಫೈಲ್ ಸಿಸ್ಟಮ್ ಸರಿಪಡಿಸುವ ಎಫ್‌ಎಸ್‌ಸಿಕೆ ಓಡಿಸಬೇಕು. ಅದು ಯಶಸ್ವಿಯಾದರೆ ಆ 2 ಅನ್ನು 0 ಮಾಡಿದಾಗ ಎಷ್ಟೋ ಸಲ ಹಳೆಯ ಇತಿಹಾಸ ಪೂರ್ತಿಯಾಗಿ ಮರಳುತ್ತದೆ. ವೈ-ಫೈ ಬಿಟ್ಟು ಕೇಬಲ್ ಹಾಕಿಕೊಂಡರೂ ಕೆಲಸ ತಾಸುಗಟ್ಟಲೆ ಹಿಡಿಯುತ್ತದೆ. ಆದರೆ ಬೇಕಾದ ಉಪಕರಣವೆಲ್ಲ ಆ ಕಂಪ್ಯೂಟರಿನಲ್ಲೇ ಇದೆ. ಬಳಕೆದಾರನಿಗೆ ಅದನ್ನು ತೋರಿಸದೆ ಅಳಿಸುವ ಗುಂಡಿಯನ್ನು ಮಾತ್ರ ಕೊಟ್ಟದ್ದನ್ನು ನಾನು ಕ್ಷಮಿಸಲಾರೆ.

ಕೆಡುವುದಾದರೂ ಏಕೆ? ಟೈಮ್ ಮಷೀನ್ ಮೊದಲಿಗೆ ನಿಂತಿದ್ದದ್ದು ಹಾರ್ಡ್ ಲಿಂಕ್‌ಗಳ ಮೇಲೆ. ಬದಲಾಗದ ಫೋಲ್ಡರನ್ನು ಮತ್ತೆ ನಕಲು ಮಾಡದೆ ಹಳೆಯದಕ್ಕೇ ಕೊಂಡಿ ಹಾಕುತ್ತಿತ್ತು. ಫೋಲ್ಡರಿಗೇ ಇಂಥ ಕೊಂಡಿ ಹಾಕುವುದು ಮ್ಯಾಕ್‌ನ ಫೈಲ್ ಸಿಸ್ಟಮ್ ಎಚ್‌ಎಫ್‌ಎಸ್ ಪ್ಲಸ್‌ನಲ್ಲಿ ಸಾಧ್ಯ, ಆಚೆ ಬದಿಯ ಸರ್ವರ್‌ನಲ್ಲಿ ಸಾಮಾನ್ಯವಾಗಿ ಅಲ್ಲ. ಆದ್ದರಿಂದ ನೆಟ್‌ವರ್ಕ್ ಮೇಲೆ ಒಂದು ಡಿಸ್ಕ್ ಇಮೇಜ್ ಮಾಡಿ, 8 ಎಂಬಿಯ ತುಂಡುಗಳಾಗಿ ಕತ್ತರಿಸಿ, ಅದರೊಳಗೆ ತನ್ನದೇ ಫೈಲ್ ಸಿಸ್ಟಮ್ ಹೂಡಿತು. 500 ಜಿಬಿಗೆ ಸುಮಾರು 60 ಸಾವಿರ ತುಂಡುಗಳು. ಎಲ್ಲ ಪ್ರತಿಗಳ ಪಟ್ಟಿಯಾದ ಕ್ಯಾಟಲಾಗ್ ಕೂಡ ಇದೇ ತುಂಡುಗಳಲ್ಲಿ ಹಂಚಿಕೊಂಡಿರುತ್ತದೆ. ಅಂದರೆ ಫೈಲ್ ಸಿಸ್ಟಮ್ ನಡೆಸುವುದು ಈ ಬದಿಯ ಲ್ಯಾಪ್‌ಟಾಪ್, ಡಿಸ್ಕ್ ಇರುವುದು ಆ ಬದಿ, ನಡುವೆ ವೈ-ಫೈ. ಕರೆಂಟು ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿರುತ್ತದೆ, ರೂಟರ್ ಮತ್ತು ಡಿಸ್ಕ್ ಆರಿಹೋಗುತ್ತವೆ. ನಮ್ಮ ಊರುಗಳಲ್ಲಿ ಇದು ಅಪರೂಪದ ಸಂಗತಿಯೇನೂ ಅಲ್ಲ. ಬದಲಾವಣೆಗಳನ್ನು ಮೊದಲೇ ದಾಖಲಿಸಿಡುವ ಜರ್ನಲ್ ಕಾಪಾಡುತ್ತದಲ್ಲ ಎನ್ನಬಹುದು. ಬರೆದದ್ದು ಬರೆದ ಕ್ರಮದಲ್ಲೇ ಡಿಸ್ಕ್ ಮುಟ್ಟಿದರೆ ಕಾಪಾಡುತ್ತದೆ. ಆಚೆ ಬದಿ ಅದನ್ನು ಮೆಮೊರಿಯಲ್ಲಿ ಹಿಡಿದಿಟ್ಟುಕೊಂಡಿದ್ದಾಗಲೇ ಆರಿಹೋದರೆ ಆ ಭರವಸೆಯೂ ಇಲ್ಲ. ಕ್ಯಾಟಲಾಗಿನ ಒಂದು ತುಂಡು ತಪ್ಪಿದರೂ ಸಾಕು, ಇಂದಿನ ಪ್ರತಿಯ ಜೊತೆಗೆ ಅಷ್ಟೂ ವರ್ಷಗಳ ಪ್ರತಿಗಳು ಅಪಾಯಕ್ಕೆ ಬೀಳುತ್ತವೆ.

ಇಲ್ಲಿ ತಂತ್ರಜ್ಞಾನ ವಿಮರ್ಶಕರ ಜೊತೆ ನನಗೆ ಜಗಳವಿದೆ. ಮೊದಲ ಬ್ಯಾಕಪ್ ಮುಗಿದದ್ದೇ ಟೈಮ್ ಮಷೀನಿನ ನಕ್ಷತ್ರಗಳ ಪರದೆ ನೋಡಿ ಹೊಗಳಿ ಬರೆದವರು ಬ್ಯಾಕಪ್ಪನ್ನು ವಿಮರ್ಶಿಸಿಲ್ಲ. ಬ್ಯಾಕಪ್‌ನ ಪರೀಕ್ಷೆ ನಡೆಯುವುದು ಮೂರನೆಯ ವರ್ಷದಲ್ಲಿ, ಮರಳಿ ಪಡೆಯುವ ದಿನ. ಅವರಿಗಿಂತಲೂ ಹೆಚ್ಚು ತಪ್ಪು ದಾರಿ ಹಿಡಿದವರು ಎಲ್ಲ ದೋಷವನ್ನೂ ವೈ-ಫೈ ತಲೆಗೆ ಕಟ್ಟುವವರು. ವೈ-ಫೈ ಕಡಿದುಹೋಗುತ್ತದೆ ಎಂಬುದು ಆಪಲ್‌ಗೆ ಗೊತ್ತಿರಲಿಲ್ಲವೇ? 2008ರಿಂದ 2018ರ ತನಕ ಡಿಸ್ಕ್ ಇರುವ ವೈ-ಫೈ ರೂಟರ್ ಟೈಮ್ ಕ್ಯಾಪ್ಸೂಲನ್ನು ಮಾರಿದ್ದೇ ತಂತಿಯ ಗೊಡವೆ ಬೇಡ ಎನ್ನುವವರಿಗೆ. ಸಂಪರ್ಕ ತಪ್ಪಿದ ಮೇಲೆ ಮತ್ತೆ ಬರುವ ಆದೇಶಗಳನ್ನು ಸರ್ವರ್ ಗುರುತಿಸಲೇಬೇಕೆಂದು 2011ರ ಲಯನ್ ಆವೃತ್ತಿ ಷರತ್ತು ಹಾಕಿತು. ಅದರಿಂದ ಎಷ್ಟೋ ನಾಸ್ (ನೆಟ್‌ವರ್ಕ್ ಡಿಸ್ಕ್) ಪೆಟ್ಟಿಗೆಗಳು ಅಪ್‌ಡೇಟ್ ಬರುವವರೆಗೆ ಕೆಲಸಕ್ಕೆ ಬಾರದಾದವು. ರೋಗ ತಿಳಿದಿತ್ತು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ಇನ್ನು, ಯಂತ್ರವೇ ಹಳೆಯದು, ಹೊಸದು ಕೊಳ್ಳಿ ಎನ್ನುವವರಿದ್ದಾರೆ. ಬ್ಯಾಕಪ್ ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವುದು ಹಳೆಯ ಯಂತ್ರಕ್ಕೇ ಅಲ್ಲವೇ? 2020ರ ಬಿಗ್ ಸರ್ ಹಾರ್ಡ್ ಲಿಂಕ್ ಬಿಟ್ಟು ಹೊಸ ಫೈಲ್ ಸಿಸ್ಟಮ್ ಎಪಿಎಫ್‌ಎಸ್‌ನ ಸ್ನ್ಯಾಪ್‌ಶಾಟ್ ಹಿಡಿಯಿತು, ಒಳ್ಳೆಯದೇ. 2010ರ ಮ್ಯಾಕ್‌ಬುಕ್ ಪ್ರೊ ಹೈ ಸಿಯೆರಾದಲ್ಲೇ ನಿಲ್ಲುತ್ತದೆ, ಆ ಸುಧಾರಣೆ ಅದಕ್ಕೆ ಸಿಗದು. ಅಷ್ಟೇ ಅಲ್ಲ, ಕಡತ ಹಂಚಿಕೆಯ ಹಳೆಯ ವಿಧಾನವಾದ ಎಎಫ್‌ಪಿ ಸರ್ವರ್ ತೆಗೆದುಹಾಕಿದ್ದೂ ಅದೇ ಬಿಗ್ ಸರ್. ಅದರ ಬದಲಿಯಾದ ಎಸ್‌ಎಂಬಿ ಮೇಲೆ ಟೈಮ್ ಮಷೀನ್ ನಡೆಸಬಲ್ಲ ಹೈ ಸಿಯೆರಾ ಹೇಗೋ ಪಾರಾಗುತ್ತದೆ; ಟೈಮ್ ಮಷೀನಿಗೆ ಎಎಫ್‌ಪಿ ಮಾತ್ರ ಬಲ್ಲ ಸ್ನೋ ಲೆಪರ್ಡ್‌ನ ಯಂತ್ರ ಪಕ್ಕದ ಕೋಣೆಯ ಹೊಸ ಮ್ಯಾಕ್‌ಗೆ ಬ್ಯಾಕಪ್ ಮಾಡಲಾರದು.

ಇಷ್ಟೆಲ್ಲ ಹೊಗಳಿಕೆಯ ನಡುವೆ ಬದಿಗೆ ಸರಿದದ್ದು ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ 1996ರಲ್ಲಿ ಕೊಟ್ಟ, ಕಡತ ನಕಲು ಮಾಡುವ ಸಾಧನ ಆರ್‌ಸಿಂಕ್. ಅದರ ಲಿಂಕ್-ಡೆಸ್ಟ್ ಆಯ್ಕೆಯೂ ಹಾರ್ಡ್ ಲಿಂಕನ್ನೇ ಬಳಸುತ್ತದೆ, ಆದರೆ ಕಡತಕ್ಕೆ ಮಾತ್ರ. ಆಚೆ ಬದಿಯಲ್ಲೊಂದು ಲಿನಕ್ಸ್ ಪೆಟ್ಟಿಗೆಯಿದ್ದರೆ ಫೈಲ್ ಸಿಸ್ಟಮ್ ನೋಡಿಕೊಳ್ಳುವುದು ಡಿಸ್ಕ್ ಇರುವ ಆ ಕಡೆಯ ಯಂತ್ರವೇ. ವೈ-ಫೈ ನಡುವೆ ಕಡಿದರೆ ಅಂದಿನ ಫೋಲ್ಡರ್ ಅರೆಬರೆ ಉಳಿಯುತ್ತದೆ, ಹಿಂದಿನವು ಹಾಗೇ ಇರುತ್ತವೆ. ಕೊರತೆಗಳಿವೆ: ಸರಿಯಾದ ಆಯ್ಕೆ ಕೊಡದಿದ್ದರೆ ಫೈಂಡರ್‌ನ ಬಣ್ಣದ ಟ್ಯಾಗ್‌ಗಳು ದಾಟುವುದಿಲ್ಲ, ವೇಳಾಪಟ್ಟಿ ನಾವೇ ಕಟ್ಟಿಕೊಳ್ಳಬೇಕು, ಇಡೀ ಯಂತ್ರವನ್ನು ರಿಕವರಿಯಿಂದ ಮರಳಿ ನಿಲ್ಲಿಸುವ ಸೌಕರ್ಯವೂ ಇಲ್ಲ. ಹಳೆಯ ಕಂಪ್ಯೂಟರಿನ ವಿಷಯದಲ್ಲಿ ಈ ನಷ್ಟಕ್ಕೆ ನನ್ನ ಒಪ್ಪಿಗೆಯಿದೆ. ಅಲ್ಲಿ ಉಳಿಯಬೇಕಾದದ್ದು ಫೋಟೊ, ಪತ್ರ, ಲೆಕ್ಕದ ಹಾಳೆಗಳು. ಆಪರೇಟಿಂಗ್ ಸಿಸ್ಟಮನ್ನು ಇನ್ನೊಮ್ಮೆ ಹಾಕಿಕೊಳ್ಳಬಹುದು.